ಬಾರೀಕ ಆವಾಜ

ನನ್ನ ಹೊಟ್ಟೆಕಿಚ್ಚು ಎಂಥದು ಎಂದು ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಯಾರಾದರೂ ಎರಡಂತಸ್ತಿನ ಮನೆ ಕಟ್ಟಿಸಿದರೆ ನನಗೇನೂ ಆಗುವುದಿಲ್ಲ. ಯಾರದಾದರೂ ಹೊಲದಲ್ಲಿ ಕಬ್ಬು ಆಳೆತ್ತರ ಬೆಳೆದು ನಿಂತರೆ ಬದುವಿನ ಮೇಲೆ ನಿಂತು ನೋಡಿ ಖುಷಿಪಡುತ್ತೇನೆ. ಆದರೆ ನನ್ನೆದುರಿಗೆ ಕೂತುಕೊಂಡು, ನನಗೆ ಕೇಳಿಸದ ಒಂದು ಸಪ್ಪಳ ತನಗೆ ಕೇಳಿಸಿತು ಎಂದು ಯಾರಾದರೂ ಹೇಳಿದರೆ ಮಾತ್ರ ತಡೆದುಕೊಳ್ಳಲಾರೆ. ಆ ದಿನ ನನಗೆ ಊಟ ಸೇರುವುದಿಲ್ಲ.

ಇದಕ್ಕೆ ಕಾರಣವಿದೆ. ಚಿಕ್ಕೋಡಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಅಪ್ಪನಿಂದ ಬಂದದ್ದು. ಗಿರಣಿ ನಡೆಸುವುದು ಕಣ್ಣಿನ ಕೆಲಸ ಎಂದು ಜನ ತಿಳಿದಿದ್ದಾರೆ. ಅಲ್ಲ, ಅದು ಕಿವಿಯ ಕೆಲಸ. ಒಳಗೆ ಬಿದ್ದದ್ದು ಜೋಳವೋ ಗೋಧಿಯೋ, ಕಾಳು ಹಸಿ ಇದೆಯೋ ಒಣಗಿದೆಯೋ, ಕಲ್ಲು ಸವೆದು ಮತ್ತೆ ಕಟೆಯಿಸುವ ಕಾಲ ಬಂದಿದೆಯೋ, ಎಲ್ಲವನ್ನೂ ನಾನು ಬಾಗಿಲಿಗೆ ಬೆನ್ನು ಮಾಡಿ ಕೂತೇ ಹೇಳಬಲ್ಲೆ. ಹೆಣ್ಣುಮಕ್ಕಳು ಡಬ್ಬಿ ಇಟ್ಟು, "ಅಣ್ಣಾ, ಬಾರೀಕ ಬೀಸ" ಎಂದು ಹೇಳಿ ಹೋಗುತ್ತಾರೆ. ಬಾರೀಕ ಎಂದರೆ ನುಣ್ಣಗೆ. ಕಲ್ಲಿನ ಸಪ್ಪಳ ಯಾವ ಹದಕ್ಕೆ ಬಂದಾಗ ಹಿಟ್ಟು ಬಾರೀಕ ಬೀಳುತ್ತದೆ ಎಂಬುದು ನನಗೆ ಗೊತ್ತು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುವ ಚಟ ನನಗಿಲ್ಲ.

ಇದೇ ಮಾತು ನನ್ನ ಮನೆಯಲ್ಲಿ ಬೇರೆ ಅರ್ಥದಲ್ಲಿ ಓಡಾಡುತ್ತದೆ. ನನ್ನ ಹೆಂಡತಿ ಕೊಗನೊಳ್ಳಿಯವಳು. ಅಲ್ಲಿ ಅರ್ಧ ಮಾತು ಮರಾಠಿ. ನಾನು ಟಿವಿ ಹಚ್ಚಿದ ಕೂಡಲೇ ಅಡುಗೆಮನೆಯಿಂದ, "ಆವಾಜ ಬಾರೀಕ ಮಾಡ್ರಿ" ಎಂದು ಕೂಗುತ್ತಾಳೆ. ಅವಳ ಬಾರೀಕ ಎಂದರೆ ಸಣ್ಣದು, ತಗ್ಗಿಸು ಎಂದು. ಒಂದೆರಡು ವರ್ಷದಿಂದ ಈ ಕೂಗು ದಿನಕ್ಕೆ ನಾಲ್ಕೈದು ಸಲ ಆಗಿತ್ತು. ವಯಸ್ಸಾದಂತೆ ಇವಳಿಗೆ ಸಿಡುಕು ಹೆಚ್ಚಾಗಿದೆ ಎಂದುಕೊಂಡು ನಾನು ಸುಮ್ಮನಿದ್ದೆ.

ನಮ್ಮ ಓಣಿಯಲ್ಲಿ ಒಂದು ಭಜನಾ ಮೇಳವಿದೆ. ಹಾರ್ಮೋನಿಯಂ ಪೇಟಿ, ತಬಲಾ, ದಿಮ್ಮಡಿ, ಕಂಚಿನ ತಾಳ, ಹಾಡುವವರು ಮೂವರು. ನನಗೆ ಹಾಡಲು ಬರುವುದಿಲ್ಲ, ನುಡಿಸಲೂ ಬರುವುದಿಲ್ಲ. ನಾನು ಮೈಕುಗಳ ತಂತಿಯೆಲ್ಲ ಬಂದು ಸೇರುವ ಮಿಕ್ಸರಿನ ಮುಂದೆ ಕೂಡುವವನು. ಮಿಕ್ಸರ್ ಎಂದರೆ ಮನೆಯ ಹೆಂಗಸರು ಚಟ್ನಿ ನೆನಪು ಮಾಡಿಕೊಂಡು ನಗುತ್ತಾರೆಂದು ನಾವು ಅದನ್ನು 'ಮಶೀನ್' ಎನ್ನುತ್ತೇವೆ. ಪೇಟಿ ಎಷ್ಟು, ತಾಳ ಎಷ್ಟು, ಹಾಡುವವನ ದನಿ ಎಷ್ಟು ಎಂದು ಗುಂಡಿ ತಿರುವಿ ಹದ ಮಾಡುವುದು ನನ್ನ ಕೆಲಸ. ಹದಿನೆಂಟು ವರ್ಷ ಆ ಕುರ್ಚಿಯ ಮೇಲೆ ಬೇರೆ ಯಾರೂ ಕೂತಿಲ್ಲ. ಮೇಳದಲ್ಲಿ ನನಗಿರುವ ಜಾಗ ಅದೊಂದೇ. ಅದು ಹೋದರೆ ನಾನು ಚಾಪೆ ಹಾಸುವವರ ಸಾಲಿಗೆ ಸೇರಬೇಕು.

ಇನ್ನು ನನ್ನ ದೋಸ್ತನ ವಿಚಾರ. ಶಾಲೆಯಲ್ಲಿ ಒಂದೇ ಬೆಂಚು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಗಡಿಯಾರ ರಿಪೇರಿ ಅಂಗಡಿ. ನನ್ನನ್ನು 'ಗಿರಣಿ' ಎಂದೇ ಕರೆಯುತ್ತಾನೆ. ಈದಿನ ದಿನ ಅವನ ಮನೆಯ ಶಾವಿಗೆಯ ಸುರಕುಂಬಾದ ಮೊದಲ ಬಟ್ಟಲು ನನಗೆ ಬರಬೇಕು. ಒಂದು ವರ್ಷ ಅದು ಪಕ್ಕದ ಮನೆಯವರಿಗೆ ಹೋಯಿತೆಂದು ನಾನು ಎಂಟು ದಿನ ಮಾತು ಬಿಟ್ಟಿದ್ದೆ. ಮೇಳದಲ್ಲಿ ಅವನಿಗೆ ಇಂಥದೇ ಕೆಲಸ ಎಂದು ಇರಲಿಲ್ಲ. ಬರುತ್ತಾನೆ, ಕೂಡುತ್ತಾನೆ, ಕಣ್ಣು ಮುಚ್ಚಿ ಕೇಳುತ್ತಾನೆ, ನಡುವೆ ಎದ್ದು ಎಲ್ಲರಿಗೂ ಚಹಾ ತಂದುಕೊಡುತ್ತಾನೆ. ಚಹಾದ ಕಪ್ಪನ್ನು ನನ್ನ ಪಕ್ಕ ಇಟ್ಟು, ಒಂದು ನಿಮಿಷ ಮಶೀನಿನ ಮೇಲೆ ಕೈಯೂರಿ ನಿಲ್ಲುವುದು ಅವನ ರೂಢಿ. ನನಗೆ ಅದು ಸೇರುತ್ತಿರಲಿಲ್ಲ. ನನ್ನ ಮಶೀನಿನ ಮೇಲೆ ಇವನೇಕೆ ಕೈಯೂರಬೇಕು ಎಂದು ಒಳಗೇ ಕುದಿಯುತ್ತಿದ್ದೆ.

ಅವನ ಮಗಳು ಮಿರಜಿನಲ್ಲಿ ನರ್ಸ್. ಮೊದಲ ಪಗಾರದಲ್ಲಿ ಅಪ್ಪನಿಗೆ ಒಂದು ಹೆಡ್‌ಫೋನ್ ತಂದುಕೊಟ್ಟಳು. ಕಪ್ಪು ಬಣ್ಣದ್ದು, ಇಡೀ ಕಿವಿ ಮುಚ್ಚುವಂಥದು, ಒಳಗೆ ಬೆಣ್ಣೆಯಂಥ ಮೆತ್ತೆ. ಅದೇ ತಿಂಗಳು ನನ್ನ ಮಗ ನನಗೆ ತಂದುಕೊಟ್ಟದ್ದು ಮೊಣಕಾಲಿಗೆ ಹಾಕುವ ಪಟ್ಟಿ. ಪಟ್ಟಿ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ದೋಸ್ತನ ಅಂಗಡಿಗೆ ಹೋದಾಗಲೆಲ್ಲ ಆ ಹೆಡ್‌ಫೋನು ಗಡಿಯಾರಗಳ ನಡುವೆ ಮೊಳೆಗೆ ತೂಗುಬಿದ್ದಿರುವುದನ್ನು ಕಂಡರೆ ನನ್ನ ಮೊಣಕಾಲು ಇನ್ನಷ್ಟು ನೋಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಅದನ್ನು ಹಾಕಿಕೊಂಡು ನಮ್ಮ ಮೇಳದ್ದೇ ರೆಕಾರ್ಡಿಂಗ್ ಕೇಳುತ್ತಿದ್ದ. ಪಾಲಬಾವಿಯಲ್ಲಿ ಮಾಡಿದ ಭಜನೆಯದು. ಮಶೀನಿನ ಮುಂದೆ ನಾನೇ ಕೂತಿದ್ದೆ.

"ಲೇ ಗಿರಣಿ, ಎರಡನೇ ನುಡಿಯಾಗ ತಾಳದವನ ಉಂಗುರ ತಾಳಕ್ಕ ಬಡ್ಯಾಕತ್ತೈತಿ ನೋಡ. ಟಿಣ್ ಅಂತೈತಿ. ಕೇಳ ಒಂಚೂರ."

ಹಾಕಿಕೊಂಡು ಕೇಳಿದೆ. ಪೇಟಿ ಕೇಳಿಸಿತು, ತಬಲಾ ಕೇಳಿಸಿತು, ಹಾಡುವವನು ನಡುವೆ ಉಸಿರೆಳೆದದ್ದು ಕೇಳಿಸಿತು. ಉಂಗುರ ಮಾತ್ರ ಕೇಳಿಸಲಿಲ್ಲ.

"ಹೌದ ಹೌದ, ಬಡೀತೈತಿ" ಎಂದೆ. ಹದಿನೆಂಟು ವರ್ಷ ಆ ಕುರ್ಚಿಯ ಮೇಲೆ ಕೂತವನು ಇನ್ನೇನು ಹೇಳಬೇಕಿತ್ತು?

ಇದು ಅಲ್ಲಿಗೇ ಮುಗಿದಿದ್ದರೆ ಸರಿ ಇತ್ತು. ಅವನು ಆ ವಾರವೇ ತಾಳದವನಿಗೆ ಉಂಗುರ ತೆಗೆದಿಟ್ಟು ನುಡಿಸಲು ಹೇಳಿದ. ಹಾಡುವವರೆಲ್ಲ ಏನು ಕಿವಿ, ಏನು ಕಿವಿ ಎಂದು ತಲೆದೂಗಿದರು. ನಮ್ಮ ಮೇಳದ ಹಿರಿಯರು ಪೇಟಿ ನುಡಿಸುವವರು, ಎಂಬತ್ತರ ಹತ್ತಿರದವರು. ಪೇಟಿಯ ಮೇಲಿನ ಧೂಳು ಒರೆಸುತ್ತ ತಮ್ಮಷ್ಟಕ್ಕೆ ಹೇಳಿದಂತೆ ಹೇಳಿದರು:

"ಯಡೂರಾಗ ನಮ್ಮ ಭಜನಿ ಐತಲಾ, ಅವತ್ತ ಮಶೀನ ಇವನ ಕಡೆ ಕೊಟ್ಟ ನೋಡೂಣೇನ?"

ನನ್ನ ದೋಸ್ತ ತಲೆ ತಗ್ಗಿಸಿ ಚಹಾದ ಕಪ್ಪುಗಳನ್ನು ಎಣಿಸತೊಡಗಿದ. ಅವನು ಆಗಲೇ ಬೇಡವೆಂದಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆನೇನೋ. ಎನ್ನಲಿಲ್ಲ. ಮನೆಗೆ ಬಂದು ರಾತ್ರಿ ರೊಟ್ಟಿಯ ತಾಟನ್ನು ಹಾಗೆಯೇ ಹಿಂದಕ್ಕೆ ಸರಿಸಿದೆ.

ಕೂತು ಲೆಕ್ಕ ಹಾಕಿದೆ. ಅವನ ಕಿವಿ ನನ್ನದಕ್ಕಿಂತ ಹೆಚ್ಚಿನದಾಗಲು ಸಾಧ್ಯವೇ ಇಲ್ಲ. ಹಾಗಾದರೆ ಎಲ್ಲವೂ ಆ ಹೆಡ್‌ಫೋನಿನ ಆಟ. ಅದಕ್ಕಿಂತ ಮಿಗಿಲಾದದ್ದು ನನ್ನ ತಲೆಯ ಮೇಲೆ ಬಂದರೆ ಉಂಗುರವೇನು, ತಾಳದವನ ಕೈಯ ಕೂದಲು ಅಲುಗಿದ್ದೂ ಕೇಳಿಸೀತು. ಅಷ್ಟರಲ್ಲಿ ನಿಪ್ಪಾಣಿಯಲ್ಲಿ ಎರಡು ದಿನ ಸ್ಪೀಕರ್, ಹೆಡ್‌ಫೋನುಗಳ ಪ್ರದರ್ಶನ ಎಂದು ಮೊಬೈಲಿಗೆ ಸುದ್ದಿ ಬಂತು. ಗಡಿ ಭಾಗದ ಮೈಕ್‌ಸೆಟ್‌ನವರು, ಕೊಲ್ಲಾಪುರದ ಅಂಗಡಿಯವರು ಸೇರಿ ಇಟ್ಟದ್ದು. ಒಬ್ಬನೇ ಗುಟ್ಟಾಗಿ ಹೋಗಿ ಬರಬೇಕೆಂದಿದ್ದೆ. ಆದರೆ ಬಸ್ ಸ್ಟ್ಯಾಂಡಿಗೆ ಹೋಗಬೇಕೆಂದರೆ ದೋಸ್ತನ ಅಂಗಡಿಯ ಮುಂದೆಯೇ ಹಾಯಬೇಕು.

"ಎಲ್ಲಿಗಲೇ ಇಷ್ಟ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ?"

"ನಿಪ್ಪಾಣಿಗಿ. ಸ್ವಲ್ಪ ಕೆಲಸ ಐತಿ."

"ಹೆಡ್‌ಫೋನ್ ನೋಡಾಕ ಹೊಂಟಿ ಹೌದಿಲ್ಲೊ? ತಡಿ, ನಾನೂ ಬರ್ತೇನಿ" ಎಂದು ಅರ್ಧ ಬಿಚ್ಚಿದ ಗಡಿಯಾರದ ಮೇಲೆ ಬಟ್ಟಲು ಮುಚ್ಚಿ ಎದ್ದೇಬಿಟ್ಟ. ಮೊಳೆಗೆ ತೂಗುಬಿದ್ದಿದ್ದ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡ. ಬಸ್ಸಿನಲ್ಲಿ ಎಲ್ಲರೂ ಅವನ ಕೊರಳನ್ನೇ ನೋಡಿದರು. ನಾನು ಕಿಟಕಿಯಾಚೆ ಕಬ್ಬಿನ ಟ್ರೇಲರುಗಳನ್ನು ನೋಡಿದೆ.

ಪ್ರದರ್ಶನ ಇದ್ದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹೊರಗೆ ಪೆಂಡಾಲಿನಲ್ಲಿ ಆಳೆತ್ತರದ ಸ್ಪೀಕರುಗಳು ಒಂದರ ಮೇಲೊಂದು ನಿಂತಿದ್ದವು. ಅವುಗಳ ಮುಂದೆ ಹಾಯುವಾಗ ಅಂಗಿ ಎದೆಗೆ ಬಡಿಯುತ್ತಿತ್ತು. ಒಳಗೆ ಎರಡು ಕೋಣೆ. ಮದುವೆಗೆಂದು ಬಾಗಿಲ ಮೇಲೆ ಬರೆಸಿದ್ದ ಹಲಗೆಗಳನ್ನು ಯಾರೂ ತೆಗೆದಿರಲಿಲ್ಲ. 'ವರ ಪಕ್ಷ' ಎಂಬ ಕೋಣೆಯಲ್ಲಿ ಆಂಪ್ಲಿಫೈಯರುಗಳು, 'ವಧು ಪಕ್ಷ'ದಲ್ಲಿ ಹೆಡ್‌ಫೋನುಗಳು.

"ಹೆಣ್ಣ ನೋಡಾಕ ಬಂದಂಗ ಆತಲೇ" ಎಂದು ದೋಸ್ತ ನಕ್ಕ. ನನಗೆ ನಗು ಬರಲಿಲ್ಲ, ನನ್ನದು ತುರ್ತಿನ ಕೆಲಸ.

ವಧು ಪಕ್ಷದಲ್ಲಿ ಉದ್ದನೆಯ ಮೇಜುಗಳ ಮೇಲೆ ನಲವತ್ತು ಐವತ್ತು ಹೆಡ್‌ಫೋನುಗಳಿದ್ದವು. ನಾನು ಒಂದೊಂದನ್ನೇ ತಲೆಗೇರಿಸಿ, ಅವರು ಹಚ್ಚಿಕೊಟ್ಟ ಹಾಡು ಕೇಳಿ, ದೊಡ್ಡ ದನಿಯಲ್ಲಿ ತೀರ್ಪು ಕೊಡುತ್ತ ಹೋದೆ. ಇದರಲ್ಲಿ ತಬಲಾ ಊದಿಕೊಂಡಿದೆ. ಇದರಲ್ಲಿ ದನಿ ಮೂಗಿನಿಂದ ಬರುತ್ತದೆ. ಇದು ರವೆ, ಇದು ಹಿಟ್ಟು. ಸುತ್ತ ನಿಂತಿದ್ದ ನಾಲ್ಕು ಮಂದಿ ಮೈಕ್‌ಸೆಟ್‌ನವರು ಕಿವಿಗೊಟ್ಟು ಕೇಳಿದರು. ಅಥಣಿಯ ಕಡೆಯವರೊಬ್ಬರು, "ನಿಮಗ ಭಾಳ ತಿಳೀತೈತ್ರಿ" ಎಂದರು. ಆ ಒಂದು ಗಳಿಗೆ ಬಸ್ಸಿನಲ್ಲಾದ ಅವಮಾನ, ಹಿರಿಯರ ಮಾತು ಎಲ್ಲ ಮರೆತು ನನ್ನ ಎದೆ ಎರಡು ಬೆರಳು ಅಗಲವಾಯಿತು.

ದೋಸ್ತನ ರೀತಿ ಬೇರೆ. ಅವರು ಹಚ್ಚಿಕೊಡುವ ಹಾಡು ಅವನಿಗೆ ಬೇಡ. ತನ್ನ ಮೊಬೈಲಿನಿಂದ ಪಾಲಬಾವಿಯ ಭಜನೆಯನ್ನೇ ಪ್ರತಿಯೊಂದರಲ್ಲೂ ಹಚ್ಚಿ, ಅದೇ ಎರಡನೇ ನುಡಿಯನ್ನು ಕೇಳಿ, ತನ್ನ ಹಳೆಯದನ್ನು ಒಮ್ಮೆ ಹಾಕಿಕೊಂಡು ತಾಳೆ ನೋಡಿ ಇಡುತ್ತಿದ್ದ. ಗೊತ್ತಿದ್ದ ಸಪ್ಪಳದಿಂದ ಗೊತ್ತಿಲ್ಲದ ವಸ್ತುವನ್ನು ಅಳೆಯಬೇಕು ಎಂಬುದು ನನಗೇಕೆ ಹೊಳೆಯಲಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಗಿರಣಿಯಲ್ಲಿ ದಿನವೂ ಮಾಡುವ ಕೆಲಸವೇ ಅದು.

ಕೊನೆಯ ಮೇಜಿನ ಹಿಂದೆ ಕೊಲ್ಲಾಪುರದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಮೂವತ್ತರ ಆಸುಪಾಸು. ಅವಳ ಮುಂದೆ ಇದ್ದದ್ದು ಒಂದೇ ಒಂದು ಹೆಡ್‌ಫೋನು, ಕೆಳಗೆ ನೀಲಿ ವೆಲ್ವೆಟ್ ಬಟ್ಟೆ. ಅದರ ಬೆನ್ನು ಮುಚ್ಚಿರಲಿಲ್ಲ. ಹೊರಬದಿಗೆ ಬರೀ ತೆಳು ಜಾಳಿಗೆ.

"ಯಾ ಕಾಕಾ, ಬಸಾ" ಎಂದು ಕುರ್ಚಿ ತೋರಿಸಿದಳು. ತಲೆಗೆ ಅವಳೇ ಏರಿಸಿದಳು. ಅದು ತಲೆಯ ಮೇಲೆ ಇದೆಯೆಂದೇ ತಿಳಿಯದಷ್ಟು ಹಗುರ. ದೋಸ್ತನ ಕಪ್ಪು ಡಬ್ಬಿ ಇದರ ಮುಂದೆ ಏನೂ ಅಲ್ಲ, ಕುರ್ಚಿ ಉಳಿಯಿತು ಎಂದುಕೊಂಡೆ.

ಮೊದಲು ಒಂದು ಕೊಳಲು ಕೇಳಿಸಿದಳು. ಅಬ್ಬಾ! ಊದುವವನ ತುಟಿ ನನ್ನ ಕಿವಿಯ ಹತ್ತಿರವೇ ಇದ್ದ ಹಾಗಿತ್ತು. ಆಮೇಲೆ ಇನ್ನೇನೋ ಹಚ್ಚಿ, ನನ್ನ ಎಡಗಿವಿಯ ಕಡೆಯಿಂದ ಮೆತ್ತೆಯನ್ನು ತುಸು ಎತ್ತಿ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು:

"ಬಾರೀಕ ಆವಾಜ ಕೇಳ್ತದ ಏನ್ರಿ ಕಾಕಾ?"

ನನಗೆ ಏನೂ ಕೇಳುತ್ತಿರಲಿಲ್ಲ. ಆದರೆ ಅವಳ ಮಾತು ನನಗೆ ಹೆಂಡತಿಯ ಮಾತಿನಂತೆ ಕೇಳಿಸಿತು. ಆವಾಜು ಬಾರೀಕ ಇದೆಯೇ, ಸಣ್ಣಗಿದೆಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ.

"ಹೌದವಾ, ಭಾಳ ಬಾರೀಕ ಐತಿ. ದೊಡ್ಡದ ಮಾಡ."

ಅವಳು ಗುಂಡಿ ತಿರುವಿದಳು. ಏನೂ ಇಲ್ಲ.

"ಇನ್ನ ಮಾಡವಾ."

ಅವಳು ನನ್ನ ಮುಖ ನೋಡಿ, ಅನುಮಾನದಿಂದ ಇನ್ನಷ್ಟು ತಿರುವಿದಳು. ಏನೂ ಇಲ್ಲ. ಆಗ ನೋಡಿದೆ, ಪಕ್ಕದ ಮೇಜಿನ ಗಂಡಸು ಮುಖ ಕಿವುಚಿ ಇತ್ತ ತಿರುಗಿದ. ಬಾಗಿಲ ಹತ್ತಿರ ನಿಂತಿದ್ದ ಹೆಂಗಸು ಕಿವಿಯಲ್ಲಿ ಬೆರಳಿಟ್ಟುಕೊಂಡಳು. ಅಥಣಿಯ ಕಡೆಯವರು ಹಲ್ಲು ಕಚ್ಚಿದರು. ಎರಡು ಹೆಜ್ಜೆ ಆಚೆ ನಿಂತಿದ್ದ ನನ್ನ ದೋಸ್ತ ಒಂದು ಕೈ ಮುಂದೆ ಚಾಚಿ ನಿಂತುಬಿಟ್ಟಿದ್ದ. ಬೆನ್ನು ತೆರೆದ ಹೆಡ್‌ಫೋನು. ಒಳಗಿನ ಸಪ್ಪಳ ಜಾಳಿಗೆಯಿಂದ ಹೊರಗೂ ಬರುತ್ತದೆ. ತೆಳ್ಳಗಿನ ಒಂದು ಸೀಟಿ, ಮೇಲೆ ಮೇಲೆ ಏರುವಂಥದು, ಇಡೀ ಕೋಣೆಗೆ ಕೇಳಿಸುತ್ತಿತ್ತು. ಅದನ್ನು ತಲೆಗೆ ಹಾಕಿಕೊಂಡವನಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಅವಳು ಕೇಳಿದ ಬಾರೀಕ ನನ್ನ ಹೆಂಡತಿಯ ಬಾರೀಕ ಆಗಿರಲಿಲ್ಲ, ನನ್ನ ಗಿರಣಿಯ ಬಾರೀಕ ಆಗಿತ್ತು. ನುಣ್ಣನೆಯದು, ಎಲ್ಲಕ್ಕಿಂತ ತೆಳುವಾದದ್ದು ಕೇಳುತ್ತದೆಯೇ ಎಂದು ಅವಳು ಕೇಳಿದ್ದಳು. ನನ್ನದೇ ಕಸುಬಿನ ಮಾತು ನನಗೆ ತಿಳಿಯಲಿಲ್ಲ.

ನಾಚಿಕೆಯಾದಾಗ ಸಿಟ್ಟು ಮಾಡುವುದು ನನ್ನ ಹಳೆಯ ಗುಣ. ಹೆಡ್‌ಫೋನು ಕಿತ್ತು ವೆಲ್ವೆಟ್ಟಿನ ಮೇಲಿಟ್ಟು, "ಇದು ಕೆಟ್ಟೈತಿ, ಏನೂ ಬರವಲ್ದು" ಎಂದೆ. ಆ ಹೆಣ್ಣುಮಗಳು ಬಾಯಿ ತೆರೆಯುವ ಮೊದಲೇ ದೋಸ್ತ ಮುಂದೆ ಬಂದು ಅದನ್ನು ತನ್ನ ತಲೆಗೇರಿಸಿಕೊಂಡ. ಕಣ್ಣು ಮುಚ್ಚಿ ಕೇಳಿದ. ಅವನ ಹುಬ್ಬು ನೋವಿಗೆ ಮೇಲೇರಿದ್ದು ನಾನು ನೋಡಿದೆ.

"ಖರೆ ಐತ್ರಿ ಅಕ್ಕಾರ, ತಂತಿ ಎಲ್ಲೋ ಲೂಸ್ ಆಗೈತಿ. ನೋಡ್ರಿ ಒಮ್ಮೆ" ಎಂದು ಅವಳಿಗೆ ಹೇಳಿ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದ.

ಇಡೀ ಕೋಣೆ ಕೇಳಿದ್ದನ್ನು ಕೇಳಲಿಲ್ಲ ಎಂದು ಅವನು ನನಗೋಸ್ಕರ ಹೇಳಿದ. ಗಡಿಯಾರದೊಳಗಿನ ಹಲ್ಲು ಸವೆದದ್ದನ್ನು ಬರೀ ಕೇಳಿ ಹೇಳುವವನು, ಆ ಹೆಣ್ಣುಮಗಳ ಮುಂದೆ ಕಿವಿಗೇಡಿಯಾಗಿ ನಿಂತ. ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಇಂಥದೊಂದು ಸುಳ್ಳು ಹೇಳಲು ನನಗೆ ಯಾವತ್ತಾದರೂ ಹೊಳೆಯುತ್ತಿತ್ತೇ ಎಂದು ಯೋಚಿಸಿದೆ. ಹೊಳೆಯುತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಬಸ್ಸಿನಲ್ಲಿ ಅರ್ಧ ದಾರಿ ನಾನು ಮತ್ತೆ ಕಬ್ಬಿನ ಟ್ರೇಲರುಗಳನ್ನೇ ಎಣಿಸಿದೆ. ಆಮೇಲೆ ನಾನೇ ಕೇಳಿದೆ.

"ನಿನಗ ಯಾವಾಗಿಂದ ಗೊತ್ತ?"

ಅವನು ಕೊರಳಲ್ಲಿದ್ದ ಹೆಡ್‌ಫೋನಿನ ಮೆತ್ತೆಯನ್ನು ಒತ್ತುತ್ತ ಕೂತಿದ್ದ. "ಎರಡ ವರ್ಷ ಆತಲೇ. ಕಾಗವಾಡದ ಭಜನ್ಯಾಗ ನೀ ತಾಳ ಎಷ್ಟ ಏರಿಸಿದ್ದಿ ಅಂದ್ರ, ಮುಂದ ಕುಂತ ಹೆಣ್ಣಮಕ್ಕಳ ಕೂಸ ಅಳಾಕ ಹತ್ತಿದ್ವು. ನಿನಗ ಕೇಳವಲ್ದು ಅಂತ ಅವತ್ತ ತಿಳೀತ."

"ಮತ್ತ ಯಾಕ ಹೇಳಲಿಲ್ಲ?"

"ಏನ ಹೇಳೂದ? ಚಹಾ ಕೊಡಾಕ ಬಂದಾಗ ನಾನ ತಾಳದ ಗುಂಡಿ ಒಂಚೂರ ಇಳಿಸಿ ಹೋಗ್ತಿದ್ನಿ."

ಮಶೀನಿನ ಮೇಲೆ ಕೈಯೂರಿ ನಿಲ್ಲುತ್ತಿದ್ದದ್ದು ಅದಕ್ಕೆ. ಎರಡು ವರ್ಷ ಜನ ನನ್ನನ್ನು ಹೊಗಳಿದ ಹದ, ಅವನು ಕಪ್ಪು ಇಟ್ಟು ಹೋದ ಮೇಲಿನದು. ಗಿರಣಿಯ ಕಲ್ಲು ಮೂವತ್ತು ವರ್ಷ ಜೋಳದ ಜೊತೆ ನನ್ನ ಕಿವಿಯನ್ನೂ ಬೀಸಿತ್ತು. ಹಿಟ್ಟಿನ ಸಪ್ಪಳ ದಪ್ಪನೆಯದು, ಅದು ಈಗಲೂ ಕೇಳುತ್ತದೆ, ಹಾಗಾಗಿ ನನಗೆ ಗೊತ್ತಾಗಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿದ್ದೆಲ್ಲ ಸಿಡುಕು ಆಗಿರಲಿಲ್ಲ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವವರೆಗೆ ಇಷ್ಟು ತಿಳಿಯಿತು. ಬಸ್ಸಿಳಿದು ಅವನಿಗೆ ಬರುತ್ತೇನೆ ಎಂದೂ ಹೇಳದೆ ಮನೆಗೆ ಹೋದೆ.

ಯಡೂರಿಗೆ ಹೋಗುವ ಹಿಂದಿನ ದಿನ ಹಿರಿಯರು ಎಲ್ಲರನ್ನೂ ಕೂಡಿಸಿದರು. ಮಶೀನ್ ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂತು. ನಾನು ನೆಲ ನೋಡುತ್ತ ಕೂತಿದ್ದೆ. ಹೇಳುವವನಿದ್ದರೆ ಈಗ ಹೇಳುತ್ತಾನೆ, ಹೇಳಲಿ, ಒಮ್ಮೆ ಮುಗಿದುಹೋಗಲಿ ಎಂದುಕೊಂಡೆ.

"ಮಶೀನ ಗಿರಣಿದರೀ" ಎಂದ ದೋಸ್ತ. "ನಾ ಬಾಜೂಕ ಕುಂತ ಕೇಳ್ತೇನಿ, ಅಷ್ಟ."

ಕುರ್ಚಿ ಉಳಿಯಿತು. ಯಾವುದಕ್ಕಾಗಿ ನಿಪ್ಪಾಣಿಗೆ ಹೋಗಿದ್ದೆನೋ ಅದು ಬರಿಗೈಯಲ್ಲಿ ಬಂದರೂ ಸಿಕ್ಕಿತು. ನನ್ನ ಕೈಗೆ ಅದನ್ನು ಕೊಟ್ಟವನು ಅವನು ಎಂಬುದೊಂದು ಇರದಿದ್ದರೆ ಅವತ್ತು ನಾನು ಪೇಡೆ ಹಂಚುತ್ತಿದ್ದೆ.

ಯಡೂರಿನಲ್ಲಿ ಬೆಳಗಿನ ಭಜನೆ. ಗುಡಿಯ ಮಗ್ಗುಲಿನ ಕಟ್ಟೆಯ ಮೇಲೆ ಮೇಳ ಕೂತಿತು. ಹೊಳೆಯ ಕಡೆಯಿಂದ ಮಿಂದು ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದವರು ನಿಂತು ಕೇಳಿದರು. ನಾನು ಮಶೀನಿನ ಮುಂದೆ, ಅವನು ನನ್ನ ಪಕ್ಕ ಒಂದು ಡಬ್ಬಿಯ ಮೇಲೆ, ತಲೆಗೆ ಆ ಕಪ್ಪು ಹೆಡ್‌ಫೋನು. ಮೊದಲ ಪದ ಮುಗಿಯುತ್ತ ಬಂದಾಗ ಅವನು ಎಂದಿನಂತೆ ಎದ್ದು ಹೋಗಿ ಚಹಾ ತಂದ. ಕಪ್ಪನ್ನು ನನ್ನ ಪಕ್ಕ ಇಟ್ಟ. ಅವನ ಕೈ ಮಶೀನಿನ ಮೇಲೆ ಬಂತು.

ನಾನು ಆ ಕೈ ಹಿಡಿದುಕೊಂಡೆ. ಅವನು ಬೆಚ್ಚಿ ನನ್ನ ಮುಖ ನೋಡಿದ.

"ನಾನ ತಿರವತೇನಿ. ಎಷ್ಟಂತ ಹೇಳ."

ಹದಿನೆಂಟು ವರ್ಷದಲ್ಲಿ ಆ ಕುರ್ಚಿಯ ಮೇಲೆ ಕೂತು ನಾನು ಒಬ್ಬರನ್ನು ಹೀಗೆ ಕೇಳಿದ್ದು ಅದೇ ಮೊದಲು. ಅವನು ಡಬ್ಬಿಯ ಮೇಲೆ ಕೂತು, ಕಣ್ಣು ಮುಚ್ಚಿ ತುಸು ಹೊತ್ತು ಕೇಳಿದ.

"ತಾಳ ಬಾರೀಕ ಮಾಡ."

ಈ ಸಲ ಯಾವ ಬಾರೀಕ ಎಂದು ತಪ್ಪಲಿಲ್ಲ. ಗುಂಡಿಯನ್ನು ಇಳಿಸಿದೆ.

"ಇನ್ನೊಂಚೂರ."

ಇಳಿಸಿದೆ.

"ಬಸ್."

ನನಗೆ ಮೊದಲಿನದಕ್ಕೂ ಈಗಿನದಕ್ಕೂ ಏನೂ ಫರಕು ಕೇಳಿಸಲಿಲ್ಲ. ಪೇಟಿ, ತಬಲಾ, ಹಾಡುವವರ ದನಿ ಹಾಗೆಯೇ ನಡೆದಿದ್ದವು. ಆದರೆ ಅವನ ಹುಬ್ಬಿನ ಗಂಟು ಬಿಚ್ಚಿತು, ತಲೆ ಮೆಲ್ಲಗೆ ತೂಗತೊಡಗಿತು. ತಾಳ ಹದಕ್ಕೆ ಬಂದದ್ದನ್ನು ನಾನು ಅವನ ಮುಖದ ಮೇಲೆ ನೋಡಿದೆ. ಭಜನೆ ಮುಗಿಯುವವರೆಗೂ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಆ ಮುಖವನ್ನೇ ನೋಡುತ್ತ ಕೂತೆ. ಹೊಟ್ಟೆ ಉರಿಯುತ್ತಲೇ ಇತ್ತು.